ಪ್ರೇರಣಾ ಓದಿದರೆ

ಜಯಶೀಲಾ ತನ್ನ ಮಗಳು ಇಂಚರಳನ್ನು ಶಾಲೆ ಬಿಡಿಸಿದ ಸುದ್ದಿ ಪದ್ಮನಾಭನಗರದ ಆ ಬೀದಿಗೆ ಮೊದಲು ತಿಳಿದದ್ದು ಸ್ಕೂಲ್ ವ್ಯಾನಿನಿಂದ. ಅದು ಬಂದು ನಿಂತು, ಹಾರ್ನ್ ಹೊಡೆದು, ಮಗು ಇಳಿದು ಬಾರದ್ದರಿಂದ ಹೊರಟುಹೋಯಿತು. ಕೆಳಮನೆಯ ಈಶ್ವರಮ್ಮ ಸೊಪ್ಪು ಬಿಡಿಸುತ್ತಿದ್ದವರು ಕತ್ತೆತ್ತಿ ನೋಡಿದರು. ಈಗ ಬೀದಿಗಳಾಗಿರುವ ಜಾಗದಲ್ಲಿ ಒಂದು ಕಾಲಕ್ಕೆ ರಾಗಿ ಬೆಳೆದ ಮನೆತನ ಅವರದು. ಈಗ ಮೂರಂತಸ್ತಿನ ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದರು. ಜಯಶೀಲಾ ಗಂಡ, ಮಗಳೊಂದಿಗೆ ಎರಡನೇ ಮಹಡಿಯಲ್ಲಿದ್ದಳು.

"ಯಾಕ್ ಜಯಾ, ಮಗೀಗೆ ಹುಷಾರಿಲ್ವಾ?"

"ಹುಷಾರಾಗಿದಾಳೆ ಆಂಟಿ. ಇನ್ಮೇಲೆ ಮನೇಲೇ ನಾನೇ ಪಾಠ ಮಾಡ್ತೀನಿ."

"ಯಾವ ಬುಕ್ ಇಟ್ಕೊಂಡು?"

"ಕಥೆ ಬುಕ್ ಆಂಟಿ."

ಈಶ್ವರಮ್ಮ ಸೊಪ್ಪಿನ ತಟ್ಟೆ ಪಕ್ಕಕ್ಕಿಟ್ಟು ಮನಸಾರೆ ನಕ್ಕರು. ಜಯಶೀಲಾ ಕೂಡ ನಕ್ಕಳು. ಆಗ ಅವಳಿಗೆ ನಗುವ ಧೈರ್ಯವಿತ್ತು.

ಅವಳೇನೂ ಹುಚ್ಚು ಧೈರ್ಯದಿಂದ ಈ ಕೆಲಸಕ್ಕೆ ಇಳಿದವಳಲ್ಲ. ಬಿಟಿಎಂ ಲೇಔಟ್‌ನ ಒಂದು ಖಾಸಗಿ ಶಾಲೆಯಲ್ಲಿ ವರ್ಷಗಟ್ಟಲೆ ಪಾಠ ಮಾಡಿದ್ದಳು. ಎರಡನೇ ತರಗತಿಗೇ ಇಂಚರ ಉಗುರು ಕಚ್ಚುವುದನ್ನೂ ಟೆಸ್ಟ್ ಇದ್ದ ಬೆಳಿಗ್ಗೆ ತಿಂದ ದೋಸೆಯನ್ನು ವಾಂತಿ ಮಾಡಿಕೊಳ್ಳುವುದನ್ನೂ ಕಂಡಿದ್ದಳು. ಮನೆಯಲ್ಲೇ ಕಲಿಸುವ ತಾಯಂದಿರ ಬಗ್ಗೆ ಓದಿ, ಕೇಳಿ, ಗಂಡ ನಂದಕುಮಾರನೊಡನೆ ತಿಂಗಳುಗಟ್ಟಲೆ ಚರ್ಚಿಸಿ, ಪ್ರಾರ್ಥನೆ ಮಾಡಿ ಕೊನೆಗೆ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಅವಳು ಹಿಡಿದ ಕ್ರಮ ಸರಳವಾಗಿತ್ತು. ಬೆಳಿಗ್ಗೆ ಒಂದು ಕೀರ್ತನೆ, ಬೈಬಲ್ ಓದು, ಪ್ರಾರ್ಥನೆ. ಆಮೇಲೆ ಪಠ್ಯಪುಸ್ತಕದ ಬದಲು ಒಳ್ಳೆಯ ಕಥೆಯ ಪುಸ್ತಕ. ಅಮ್ಮ ಗಟ್ಟಿಯಾಗಿ ಓದಬೇಕು, ಮಗು ಕೇಳಿದ್ದನ್ನು ತನ್ನ ಮಾತಿನಲ್ಲಿ ತಿರುಗಿ ಹೇಳಬೇಕು. ಚರಿತ್ರೆ, ಭೂಗೋಳ, ಭಾಷೆ ಎಲ್ಲವೂ ಕಥೆಯ ಬೆನ್ನೇರಿಯೇ ಬರಬೇಕು. ಲೆಕ್ಕವೊಂದು ಮಾತ್ರ ಬೇರೆ.

ಜಯನಗರದ ಅವರ ಚರ್ಚಿನ ಸಭೆಯಲ್ಲಿ ಇದನ್ನು ಕೇಳಿ ಇನ್ನೂ ನಾಲ್ಕು ಮನೆಯ ತಾಯಂದಿರು ಜೊತೆಗೂಡಿದರು. ಶುಕ್ರವಾರ ಎಲ್ಲರೂ ಮಕ್ಕಳನ್ನು ಕರೆದುಕೊಂಡು ಒಂದು ಕಡೆ ಸೇರುವುದೆಂದಾಯಿತು. ಯಾವ ಪುಸ್ತಕ, ಯಾವ ವಯಸ್ಸಿಗೆ, ದಿನಕ್ಕೆ ಎಷ್ಟು ಪುಟ, ಎಲ್ಲವನ್ನೂ ಹಾಕಿಕೊಟ್ಟವಳು ಜಯಶೀಲಾ. ಹಳೆಪುಸ್ತಕದ ಅಂಗಡಿಗಳ ಧೂಳು ಕುಡಿದು ಪುಸ್ತಕ ಆರಿಸಿ ತರುತ್ತಿದ್ದವಳೂ ಅವಳೇ. ಯಾವ ತಾಯಿಗೆ ಏನೇ ಅನುಮಾನ ಬಂದರೂ "ಜಯಕ್ಕನ್ನ ಕೇಳೋಣ" ಎನ್ನುತ್ತಿದ್ದರು. ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಾ, ಭುಜಕ್ಕೂ ಕಿವಿಗೂ ನಡುವೆ ಫೋನ್ ಸಿಕ್ಕಿಸಿಕೊಂಡು ಉತ್ತರ ಹೇಳುವಾಗ ಜಯಶೀಲಾಳ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

ಮಾರನೆಯ ವರ್ಷ ಪ್ರೇರಣಾ ಬಂದಳು.

ಗಂಡನಿಗೆ ಮೈಸೂರಿನಿಂದ ವರ್ಗವಾಗಿ, ಯಡಿಯೂರು ಕೆರೆಯ ಹತ್ತಿರ ದೊಡ್ಡ ಹಜಾರವಿದ್ದ ಹಳೆಯ ಮನೆ ಹಿಡಿದಿದ್ದರು. ಇಬ್ಬರು ಹೆಣ್ಣುಮಕ್ಕಳು. ಹತ್ತು ವರ್ಷದ ಎಸ್ತರ್ ಮಾತಿನ ಮಲ್ಲಿ, ಐದು ವರ್ಷದ ಕೃಪಾ ತಾಯಿಯ ಸೆರಗು ಬಿಡದವಳು. ಪ್ರೇರಣಾ ಜಯಶೀಲಾಗಿಂತ ಒಂದೆರಡು ವರ್ಷ ಚಿಕ್ಕವಳು. ಬಂದ ವಾರವೇ ಸಭೆಯ ಗಾಯನವೃಂದಕ್ಕೆ ಸೇರಿದಳು. ಹಜಾರ ದೊಡ್ಡದಿದ್ದ ಕಾರಣ ಶುಕ್ರವಾರದ ಕೂಟ ಅವಳ ಮನೆಗೇ ಹೋಯಿತು. ಮೊದಲ ದಿನ ಜಯಶೀಲಾ ಸೌಜನ್ಯಕ್ಕೆಂದು ಕೇಳಿದಳು.

"ಪ್ರೇರಣಾ, ಇವತ್ತೊಂದು ಅಧ್ಯಾಯ ನೀನೇ ಓದು."

"ಅಯ್ಯೋ ಜಯಕ್ಕಾ, ನೀವಿರ್ಬೇಕಾದ್ರೆ ನಾನ್ಯಾಕೆ?"

"ಪರ್ವಾಗಿಲ್ಲ, ಓದು."

ಜಯಶೀಲಾ ಹಿಂದಿನ ವಾರವಷ್ಟೇ ತಂದಿದ್ದ ಕನ್ನಡ ಪುಸ್ತಕ ಅದು. ಮುಖಪುಟ ಕಿತ್ತುಹೋಗಿದ್ದರಿಂದ ಬರೆದವರು ಯಾರೆಂದು ತಿಳಿಯದು. ತಂದೆತಾಯಿ ಇಲ್ಲದ ಹುಡುಗಿಯೊಬ್ಬಳು ಕುರುಡ ಅಂಬಿಗನ ದೋಣಿಯಲ್ಲಿ ನದಿಗುಂಟ ಹೊರಡುವ ಕಥೆ. ಪ್ರೇರಣಾ ಚಾಪೆಯ ಮೇಲೆ ಕಾಲು ಮಡಚಿ ಕೂತು ಓದತೊಡಗಿದಳು. ದನಿ ಎತ್ತರಿಸಲಿಲ್ಲ, ಅಭಿನಯ ಮಾಡಲಿಲ್ಲ. ಆದರೆ ಅಂಬಿಗ ಮಾತಾಡಿದಾಗ ಮುದುಕನೊಬ್ಬ ಹಜಾರದೊಳಗೆ ಬಂದು ಕೂತಂತಾಯಿತು. ಬೆಳಕು ಹರಿಯುವ ಮೊದಲಿನ ನದಿಯ ವರ್ಣನೆ ಬಂದಾಗ ಒಂದು ಮಗು ತಾನಾಗಿ ಲಂಗದಿಂದ ಕಾಲು ಮುಚ್ಚಿಕೊಂಡಿತು. ಹೊರಗೆ ತರಕಾರಿ ಗಾಡಿಯವನು ಕೂಗಿಕೊಂಡು ಹೋದದ್ದು ಯಾರ ಕಿವಿಗೂ ಬೀಳಲಿಲ್ಲ.

ಓದು ಮುಗಿದ ಮೇಲೆ "ಯಾರ್ ಹೇಳ್ತೀರಾ?" ಎಂದು ಪ್ರೇರಣಾ ಕೇಳಿದಳು. ಎದ್ದು ನಿಂತವಳು ಇಂಚರ.

ಮನೆಯಲ್ಲಿ ಜಯಶೀಲಾ ಓದಿದ ಮೇಲೆ ಎರಡು ವಾಕ್ಯ ಹೇಳಿಸುವುದಕ್ಕೆ ಹರಸಾಹಸ ಪಡಬೇಕಿತ್ತು. "ಹುಡ್ಗಿ ಹೋದ್ಲು. ಮಳೆ ಬಂತು. ಅಷ್ಟೇ ಅಮ್ಮ." ಆ ಇಂಚರ ಇಲ್ಲಿ ಕೈ ಬೀಸುತ್ತಾ, ಹುಟ್ಟು ಹಾಕುವುದನ್ನು ತೋರಿಸುತ್ತಾ, ಇಡೀ ಅಧ್ಯಾಯವನ್ನು ನದಿಯ ತಣ್ಣನೆ ವಾಸನೆಯ ಸಮೇತ ತಿರುಗಿ ಹೇಳಿದಳು. ಬೇರೆ ತಾಯಂದಿರು ಚಪ್ಪಾಳೆ ತಟ್ಟಿದರು. ಜಯಶೀಲಾ ಕೂಡ ತಟ್ಟಿದಳು. ಅವಳ ಅಂಗೈಗಳು ತಣ್ಣಗಿದ್ದವು.

ಆಟೋದಲ್ಲಿ ಮನೆಗೆ ಬರುವಾಗ ಆದಷ್ಟು ಹಗುರವಾಗಿ ಕೇಳಿದಳು. "ಮನೇಲಿ ಯಾಕೆ ಹಂಗೆ ಹೇಳಲ್ಲ ಪುಟ್ಟಾ?"

ಇಂಚರ ಹೊರಗೆ ನೋಡುತ್ತಲೇ ಹೇಳಿದಳು. "ನೀನು ಓದ್ತಾ ಇದ್ರೆ, ಆಮೇಲೆ ಏನ್ ಕೇಳ್ತೀಯೋ ಅಂತ ಯೋಚ್ನೆ ಮಾಡ್ತಿರ್ತೀನಿ. ಪ್ರೇರಣಾ ಆಂಟಿ ಓದಿದ್ರೆ ಕಥೆ ಮಾತ್ರ ಕೇಳ್ಸುತ್ತೆ."

ಮಗು ದೂರಲಿಲ್ಲ, ಇದ್ದದ್ದನ್ನು ಹೇಳಿತು. ಜಯಶೀಲಾಗೆ ಬನಶಂಕರಿಯ ಸಿಗ್ನಲ್ ದಾಟಿದ್ದೂ ತಿಳಿಯಲಿಲ್ಲ.

ಅಲ್ಲಿಂದ ಶುರುವಾಯಿತು ಹೊಟ್ಟೆಯೊಳಗಿನ ಉರಿ. ಕೂಟದ ತಾಯಂದಿರು ಈಗಲೂ ಯಾವ ಪುಸ್ತಕ ಎಂದು ಅವಳನ್ನೇ ಕೇಳುತ್ತಿದ್ದರು, ಆದರೆ ಓದುವುದು ಪ್ರೇರಣಾಳ ಪಾಲಿಗೆ ಹೋಯಿತು. ಯಾರೂ ತೀರ್ಮಾನ ಮಾಡಿದ್ದಲ್ಲ. ಮಕ್ಕಳು ಹಜಾರಕ್ಕೆ ಬಂದವರೇ ಅವಳ ಸುತ್ತ ಕೂತುಬಿಡುತ್ತಿದ್ದರು. ಪ್ರೇರಣಾ ಓದಲು ಕೂತ ಕೂಡಲೇ ಜಯಶೀಲಾಗೆ ಅಡುಗೆಮನೆಯಲ್ಲಿ ಏನಾದರೊಂದು ಕೆಲಸ ನೆನಪಾಗುತ್ತಿತ್ತು. ಟೀ ಸೋಸುತ್ತಾ, ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತಾ, ಕೇಳಬಾರದೆಂದುಕೊಂಡೇ ಕಿವಿಗೊಡುತ್ತಿದ್ದಳು. ತಾನೇ ಹುಡುಕಿ ತಂದ ಆ ಪುಸ್ತಕವನ್ನು ಮುಂದಕ್ಕೆ ಓದುವುದಕ್ಕೂ ಅವಳಿಗೆ ಮನಸ್ಸಾಗಲಿಲ್ಲ. ಅದು ಈಗ ಅವಳದಾಗಿತ್ತು, ಪ್ರೇರಣಾಳದು.

ಒಂದು ಮಧ್ಯಾಹ್ನ ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು, ಅಂಬಿಗನ ಮಾತನ್ನು ಪ್ರೇರಣಾಳ ಹಾಗೆ ಗಂಟಲಿನ ಆಳದಿಂದ ಹೇಳಿ ನೋಡಿದಳು. ಮನೆಯಿಂದಲೇ ಆಫೀಸು ಕೆಲಸ ಮಾಡುತ್ತಿದ್ದ ನಂದಕುಮಾರ ಬಾಗಿಲು ತಟ್ಟಿದ.

"ಜಯಾ, ಯಾರ್ ಬಂದಿದಾರೆ?"

"ಯಾರೂ ಇಲ್ಲ ರೀ. ಗಂಟ್ಲು ಕಟ್ಟಿದೆ."

ಇನ್ನೊಂದು ಶುಕ್ರವಾರ ಕೂಟವನ್ನು ತನ್ನ ಮನೆಗೇ ಕರೆದಳು. ಒಂದೇ ಮನೆಗೆ ಯಾಕೆ ಹೊರೆ ಎಂದು ಕಾರಣ ಕೊಟ್ಟಳು. ಹಜಾರ ಸಾಲದೆ ಮಕ್ಕಳು ಮಂಚದ ಮೇಲೆಲ್ಲ ಕೂತವು. ಅವಳು ಓದುತ್ತಿರುವಾಗ ಕೆಳಗೆ ಈಶ್ವರಮ್ಮ ನೀರಿನ ಮೋಟಾರ್ ಹಾಕಿದರು. ಮುಗಿದ ಮೇಲೆ ಎಸ್ತರ್ "ನೆಕ್ಸ್ಟ್ ವೀಕ್ ನಮ್ಮನೇಲೇ ಅಲ್ವಾ ಆಂಟಿ?" ಎಂದು ಎಲ್ಲರೆದುರು ಕೇಳಿದಳು. ಆ ಸಂಜೆ ಜಯಶೀಲಾ ವಾಟ್ಸಾಪ್ ಗುಂಪಿಗೆ ಉದ್ದನೆಯ ಸಂದೇಶ ಹಾಕಿದಳು. ಮಕ್ಕಳು ಒಬ್ಬರ ದನಿಗೇ ಅಂಟಿಕೊಳ್ಳುವುದು ನಮ್ಮ ಕ್ರಮಕ್ಕೆ ಒಳ್ಳೆಯದಲ್ಲ, ಎಲ್ಲ ತಾಯಂದಿರೂ ಸರದಿಯಲ್ಲಿ ಓದಬೇಕು ಎಂದು. ಎಲ್ಲರಿಗಿಂತ ಮೊದಲು ಉತ್ತರ ಬಂದದ್ದು ಪ್ರೇರಣಾಳಿಂದ. "ನಿಜ ಜಯಕ್ಕ, ನೀವು ಹೇಳೋದು ಸರಿ." ಜಗಳಕ್ಕಾದರೂ ಬಂದಿದ್ದರೆ ಚೆನ್ನಾಗಿತ್ತು. ಆ ಒಪ್ಪಿಗೆಯನ್ನು ಎಷ್ಟು ಸಲ ಓದಿದರೂ ಅದರಲ್ಲಿ ವ್ಯಂಗ್ಯ ಸಿಗಲಿಲ್ಲ.

ಭಾನುವಾರ ಆರಾಧನೆಯಲ್ಲಿ ಈ ಕೆಟ್ಟ ಬುದ್ಧಿ ತೆಗೆದುಹಾಕು ದೇವರೇ ಎಂದು ಕಣ್ಣು ಮುಚ್ಚುತ್ತಿದ್ದಳು. ಅಷ್ಟರಲ್ಲಿ ಗಾಯನವೃಂದದ ಸಾಲಿನಿಂದ ಆ ದನಿ ಏಳುತ್ತಿತ್ತು. ಪ್ರಾರ್ಥನೆ ಅರ್ಧಕ್ಕೇ ನಿಲ್ಲುತ್ತಿತ್ತು.

ಚಳಿಗಾಲ ಬರುವ ಹೊತ್ತಿಗೆ ಪ್ರೇರಣಾಳ ದನಿ ಒಡೆಯಿತು. ಶೀತವೆಂದುಕೊಂಡರು, ಕಷಾಯ ಕುಡಿದಳು, ಹಾಡುವುದನ್ನು ಬಿಟ್ಟಳು, ಗುಣವಾಗಲಿಲ್ಲ. ಕೊನೆಗೆ ಡಾಕ್ಟರು ಪರೀಕ್ಷಿಸಿ ಧ್ವನಿತಂತುಗಳ ಮೇಲೆ ಗಂಟುಗಳಾಗಿವೆ ಎಂದರು. ಕೆಲವು ವಾರ ಸಂಪೂರ್ಣ ಮೌನ, ಪಿಸುಮಾತೂ ಕೂಡದು. ಆಮೇಲೆ ದನಿಯ ಚಿಕಿತ್ಸೆ. ಹಳೆಯ ದನಿ ಮರಳಿ ಬರುತ್ತದೋ ಇಲ್ಲವೋ ಈಗಲೇ ಹೇಳಲಾಗದು.

ಈ ಸುದ್ದಿ ಗುಂಪಿಗೆ ಬಂದಾಗ ಜಯಶೀಲಾ ಅವರೆಕಾಳು ಹಿದುಕುತ್ತಿದ್ದಳು. ಓದಿದಳು. ಅವಳೆದೆಯಲ್ಲಿ ಮೊದಲು ಎದ್ದದ್ದು ಸಂತೋಷ. ಚಿಕ್ಕದಲ್ಲ, ಅನುಮಾನಕ್ಕೆ ಎಡೆಯಿಲ್ಲದಂಥ, ಬಾಯಿಯ ತುದಿಯನ್ನು ಮೇಲಕ್ಕೆಳೆದ ಸಂತೋಷ. ಮರುಗಳಿಗೆ ಅದನ್ನು ತಾನೇ ಗುರುತಿಸಿ ಬೆಚ್ಚಿಬಿದ್ದಳು. ಕಾಳಿನ ಸಿಪ್ಪೆ ಅಂಟಿದ ಬೆರಳಿನಲ್ಲೇ "ಪ್ರಾರ್ಥನೆ ಮಾಡ್ತಿದೀನಿ" ಎಂದು ಬರೆದು ಕಳಿಸಿದಳು. ಅದೂ ಸುಳ್ಳೇ ಆಗಿತ್ತು.

ಅರ್ಧ ಗಂಟೆಯಲ್ಲಿ ಪ್ರೇರಣಾ ಅವಳಿಗೊಬ್ಬಳಿಗೇ ಸಂದೇಶ ಕಳಿಸಿದಳು. "ಜಯಕ್ಕಾ, ನನ್ನ ಮಕ್ಕಳಿಗೆ ಕಥೆ ನಿಂತುಹೋಗಿದೆ. ವಾರದಲ್ಲಿ ಎರಡು ಮೂರು ದಿನ ಬಂದು ಓದ್ತೀರಾ? ಬೇರೆ ಯಾರನ್ನೂ ಕೇಳೋಕೆ ಮನಸ್ಸು ಬರ್ತಿಲ್ಲ."

ಬಯಸಿದ ಜಾಗ ಕರೆದು ಕೊಟ್ಟಹಾಗಾಯಿತು. ಇಂಚರಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟಳು.

ಪ್ರೇರಣಾ ಹಜಾರದ ಮೂಲೆಯಲ್ಲಿ, ಮಕ್ಕಳ ಸ್ಲೇಟು ಬಳಪ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಮಾತಿಲ್ಲದೆ ಮುಖ ಇನ್ನೂ ಚಿಕ್ಕದಾಗಿ ಕಾಣುತ್ತಿತ್ತು. ಜಯಶೀಲಾ ಅವಳ ಚಾಪೆಯ ಮೇಲೆ, ಅವಳ ಜಾಗದಲ್ಲೇ ಕೂತು, ಗುರುತು ಇಟ್ಟ ಪುಟ ತೆರೆದಳು. ಕೋಣೆಯಲ್ಲಿ ಅಭ್ಯಾಸ ಮಾಡಿದ್ದ ದನಿ ತೆಗೆದು ಅಂಬಿಗನ ಮಾತು ಶುರು ಮಾಡಿದಳು.

ಎಸ್ತರ್ ಮುಖ ಕಿವುಚಿದಳು. "ಆಂಟಿ, ಅಂಬಿಗ ತಾತ ಹಂಗೆ ಮಾತಾಡಲ್ಲ."

ಇಂಚರ ನಾಚಿಕೆಯಿಂದ ತಲೆ ತಗ್ಗಿಸಿದಳು. ಮೂಲೆಯಿಂದ ಪ್ರೇರಣಾ ಜೋರಾಗಿ ಚಪ್ಪಾಳೆ ತಟ್ಟಿ ಮಗಳತ್ತ ಕಣ್ಣು ಬಿಟ್ಟಳು. ಆಮೇಲೆ ಸ್ಲೇಟಿನ ಮೇಲೆ ಬರೆದು ಜಯಶೀಲಾ ಕಡೆ ತಿರುಗಿಸಿದಳು. "ನಿಮ್ಮ ಥರಾನೇ ಓದಿ ಅಕ್ಕ."

ಅನುಕರಣೆ ಬಿಟ್ಟು ಜಯಶೀಲಾ ಬರೀ ಓದಿಕೊಂಡು ಹೋದಳು. ಮುಂದೆ ಏನಿದೆಯೆಂದು ಅವಳಿಗೇ ಗೊತ್ತಿರಲಿಲ್ಲ. ಊರಿನ ಗೌಡರು ದೋಣಿ ಹತ್ತಲು ಬರುತ್ತಾರೆಂದು ಅಂಬಿಗನಿಗೆ ಗಡಿಬಿಡಿ. ರುಮಾಲು ಸುತ್ತಿಕೊಳ್ಳಬೇಕೆಂದು ಕೈಗೆ ಸಿಕ್ಕಿದ್ದನ್ನೆಳೆದು ತಲೆಗೆ ಸುತ್ತತೊಡಗುತ್ತಾನೆ. ಅದು ಆಡು ಕಟ್ಟಿದ ಹಗ್ಗ. ಒಂದೊಂದು ಸುತ್ತಿಗೂ ಆಡು ಹತ್ತಿರ ಹತ್ತಿರ ಬರುತ್ತದೆ. ಗೌಡರು ಬಂದು ನೋಡುವಾಗ ಅಂಬಿಗನ ಕಿವಿಯ ಪಕ್ಕಕ್ಕೆ ಆಡಿನ ಮುಖ. "ನಮಸ್ಕಾರ ಬುದ್ಧಿ" ಎನ್ನುತ್ತಾನೆ ಅಂಬಿಗ. ಉತ್ತರ ಕೊಡುವುದು ಆಡು.

ಅಲ್ಲಿಗೆ ಜಯಶೀಲಾಗೆ ನಗು ಬಂದುಬಿಟ್ಟಿತು. ತಡೆದಳು, ಮತ್ತೆ ಓದಲು ಹೋದಳು, "ನಮಸ್ಕಾರ ಬು" ಎನ್ನುವಷ್ಟರಲ್ಲಿ ಮತ್ತೆ ನಗು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ದೊಡ್ಡವರು ಹೀಗೆ ಸೋತು ನಗುವುದನ್ನು ಕಂಡು ಮಕ್ಕಳು ಉರುಳಾಡಿ ನಕ್ಕವು. ಎಸ್ತರ್ ಆಡಿನ ಹಾಗೆ ಕೂಗಿದಳು. ಆಮೇಲೇನಾಯಿತೆಂದು ತಿಳಿಯುವ ಆಸೆ ಜಯಶೀಲಾಗೂ ಮಕ್ಕಳಷ್ಟೇ ಇತ್ತು. ಅಧ್ಯಾಯ ಮುಗಿದರೂ ನಿಲ್ಲಿಸದೆ ಮುಂದಿನದಕ್ಕೆ ಹೋದಳು. ಕೊನೆಯಲ್ಲಿ ಪ್ರಶ್ನೆ ಕೇಳುವುದೇ ಮರೆತುಹೋಯಿತು. ಯಾರೂ ಕೇಳದೆಯೇ ಕೃಪಾ, ತಾಯಿಯನ್ನು ಬಿಟ್ಟು ಬೇರೆಯವರ ಹತ್ತಿರ ಸುಳಿಯದ ಕೃಪಾ, ಬಂದು ಅವಳ ತೊಡೆಯೇರಿ ಕೂತು ಆಡಿನ ಕಥೆಯನ್ನು ಮೊದಲಿಂದ ಹೇಳತೊಡಗಿದಳು.

ಇದನ್ನು ನೋಡಲಿ ಎಂದು ಜಯಶೀಲಾ ಮೂಲೆಯ ಕಡೆ ತಿರುಗಿದಳು. ಅಲ್ಲಿ ಯಾರೂ ಇರಲಿಲ್ಲ.

ಪ್ರೇರಣಾ ಅಡುಗೆಮನೆಯಲ್ಲಿದ್ದಳು. ಒಲೆಯ ಮೇಲೆ ಟೀ ಉಕ್ಕಿ ಆರಿದ್ದರೂ ನೋಡದೆ ಕಿಟಕಿಯ ಸರಳು ಹಿಡಿದು ನಿಂತಿದ್ದಳು. ಜಯಶೀಲಾ ಬಂದದ್ದು ಕಂಡು ಸ್ಲೇಟು ಎಳೆದುಕೊಂಡು ಬರೆದಳು. "ನಾಳೆಯಿಂದ ಬರಬೇಡಿ."

ಪ್ರೇರಣಾ ಅದನ್ನು ಅಂಗೈಯಿಂದ ಅಳಿಸಿ ಮತ್ತೆ ಬರೆದಳು. ಬಳಪ ಕಿರುಗುಟ್ಟಿತು. "ಬನ್ನಿ. ಬರಲೇಬೇಕು. ಆದ್ರೆ ಕೃಪಾ ನಿಮ್ಮ ತೊಡೆ ಮೇಲೆ ಕೂತಿದ್ದು ನನಗೆ ನೋಡೋಕಾಗಲಿಲ್ಲ."

ಆ ಅಕ್ಷರಗಳನ್ನು ಓದಿದಾಗ ಜಯಶೀಲಾಗೆ ಹೊಸದೇನೂ ಓದಿದಂತಾಗಲಿಲ್ಲ. ತಿಂಗಳುಗಟ್ಟಲೆ ಇದೇ ಅಡುಗೆಮನೆಯಲ್ಲಿ ನಿಂತು ತಾನೇ ಮನಸ್ಸಿನಲ್ಲಿ ಬರೆದುಕೊಂಡದ್ದು ಅದು. ಬಾಯಿಯಿಂದ ಮಾತು ತಾನಾಗಿ ಹೊರಟಿತು.

"ನಂಗೂ ಹಿಂಗೇ ಆಗ್ತಿತ್ತು ಪ್ರೇರಣಾ. ಇಂಚರ ನಿನ್ ಮುಂದೆ ಎದ್ದು ನಿಂತು ಕಥೆ ಹೇಳಿದ ದಿನದಿಂದ. ಆ ಸರದಿ ಮೆಸೇಜು ಹಾಕಿದ್ದೂ ಅದಕ್ಕೇ." ಅಲ್ಲಿಗೆ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. "ನಿನ್ ದನಿ ಹೋಯ್ತು ಅಂದಾಗ ನಂಗೆ ಮೊದ್ಲು ಖುಷಿಯಾಯ್ತು."

ಪ್ರೇರಣಾ ಅವಳನ್ನು ನೆಟ್ಟ ಕಣ್ಣಿಂದ ನೋಡಿದಳು. ಅವಳು ನಗುತ್ತಾಳೆಂದೋ, ಅಪ್ಪಿಕೊಳ್ಳುತ್ತಾಳೆಂದೋ ಜಯಶೀಲಾ ಕಾದಳೇನೋ. ಅಂಥದ್ದೇನೂ ಆಗಲಿಲ್ಲ. ಪ್ರೇರಣಾ ಸ್ಲೇಟನ್ನು ಕಟ್ಟೆಯ ಮೇಲೆ ಮಗುಚಿಟ್ಟು, ಮಲಗುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಜಯಶೀಲಾ ಮಗಳನ್ನು ಕರೆದುಕೊಂಡು ಸ್ಕೂಟರಿನ ಹತ್ತಿರ ಬಂದಳು.

"ಆಂಟಿ ಯಾಕಮ್ಮ ಬಾಯ್ ಹೇಳ್ಲಿಲ್ಲ?" ಎಂದಳು ಇಂಚರ. ಆಮೇಲೆ ತಾನೇ ನೆನಪಿಸಿಕೊಂಡು, "ಓ, ಮಾತಾಡ್ಬಾರ್ದಲ್ವಾ" ಎಂದಳು.

ಮುಂದಿನ ಓದಿನ ದಿನ ಹೋಗುವುದೋ ಬೇಡವೋ ಎಂದು ಬೆಳಗಿನಿಂದ ತಳಮಳಿಸಿ ಕೊನೆಗೆ ಹೋದಳು. ಪ್ರೇರಣಾ ಬಾಗಿಲನ್ನು ಅರ್ಧ ತೆರೆದು ನಿಂತು, ಸ್ಲೇಟಿನ ಮೇಲೆ ಬರೆದು ತೋರಿಸಿದಳು. "ಓದೋಕೆ ಬಂದ್ರಾ, ನನ್ನ ನೋಡೋಕೆ ಬಂದ್ರಾ?"

"ಓದೋಕೆ."

ಪ್ರೇರಣಾ ಬಾಗಿಲನ್ನು ಪೂರ್ತಿ ತೆರೆದಳು. ಆ ದಿನ ಟೀ ಕೊಡಲಿಲ್ಲ. ಆದರೆ ಓದು ಮುಗಿಯುವವರೆಗೂ ಹಜಾರ ಬಿಟ್ಟು ಎದ್ದು ಹೋಗಲಿಲ್ಲ. ಕೃಪಾ ತನ್ನ ತೊಡೆಯಿಂದೆದ್ದು ಜಯಶೀಲಾಳ ತೊಡೆಗೆ ಹೋದಾಗ ತುಟಿ ಕಚ್ಚಿಕೊಂಡು ಕೂತಿದ್ದಳು. ಮುಂದಿನ ವಾರವೂ ಹಾಗೆಯೇ. ಕುರುಡ ಅಂಬಿಗ ಸಾಯುವ ಅಧ್ಯಾಯ ಬಂದ ದಿನ ಜಯಶೀಲಾ ಸಾಲಿನ ನಡುವೆಯೇ ನಿಲ್ಲಿಸಿಬಿಟ್ಟಳು. ಪ್ರೇರಣಾ ಬಂದು ಪಕ್ಕದಲ್ಲಿ ಕೂತು, ಓದುತ್ತಿದ್ದ ಸಾಲಿನ ಕೆಳಗೆ ಬೆರಳಿಟ್ಟಳು. ಆ ಬೆರಳು ಸರಿದಂತೆ ಜಯಶೀಲಾ ಒಂದೊಂದೇ ಪದ ಓದಿ ಪುಟ ಮುಗಿಸಿದಳು. ಅವತ್ತು ಟೀ ಬಂತು.

ಚಿಕಿತ್ಸೆಯ ನಂತರ ಪ್ರೇರಣಾಳ ದನಿ ಮರಳಿತು, ಆದರೆ ಹಳೆಯ ದನಿಯಲ್ಲ. ಈಗ ಅದು ತಗ್ಗಿನದು, ಒರಟು, ಎರಡು ಪುಟಕ್ಕೆಲ್ಲ ದಣಿಯುತ್ತದೆ. ಗಾಯನವೃಂದಕ್ಕೆ ಅವಳು ಮತ್ತೆ ಹೋಗಲಿಲ್ಲ. ಭಾನುವಾರ ಆ ದನಿಯಿಲ್ಲದ ಕೀರ್ತನೆ ಕೇಳುವಾಗ ಜಯಶೀಲಾ ಮೊದಲ ಬಾರಿ ಅದಕ್ಕಾಗಿ ಅತ್ತಳು. ಕೂಟದಲ್ಲಿ ಪ್ರೇರಣಾ ಎರಡು ಪುಟ ಓದುತ್ತಾಳೆ, ಪುಸ್ತಕವನ್ನು ಜಯಶೀಲಾಗೆ ದಾಟಿಸುತ್ತಾಳೆ. ಇಂಚರ ಮನೆಯಲ್ಲಿ ಈಗ ಹೆಚ್ಚು ಹೇಳುತ್ತಾಳೆ. ಆದರೂ ಅವಳ ಕಥೆಗಳಿಗೆ ಕೈಕಾಲು ಬರುವುದು ಪ್ರೇರಣಾಳ ಹಜಾರದಲ್ಲೇ.

ಕಳೆದ ತಿಂಗಳು ಮಕ್ಕಳನ್ನು ಹಕ್ಕಿ ತೋರಿಸಲೆಂದು ಯಡಿಯೂರು ಕೆರೆಗೆ ಕರೆದೊಯ್ದಿದ್ದರು. ಇಬ್ಬರೂ ಕಲ್ಲುಬೆಂಚಿನ ಮೇಲೆ ಕೂತಿದ್ದರು. ನಡುಗಡ್ಡೆಯ ಮರದ ಮೇಲೆ ನೀರುಕಾಗೆಗಳು ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತಿದ್ದವು.

"ಎಸ್ತರ್ ನಿನ್ನೆ ಏನಂದ್ಲು ಗೊತ್ತಾ ಜಯಕ್ಕಾ?" ಎಂದಳು ಪ್ರೇರಣಾ ಒರಟು ದನಿಯಲ್ಲಿ. "ನಗೋ ಜಾಗ ಬಂದ್ರೆ ಬುಕ್ಕು ಎತ್ತಿಟ್ಬಿಡು, ಜಯಾ ಆಂಟಿ ಓದ್ಲಿ ಅಂದ್ಲು."

"ನಂಗೆ ಖುಷಿಯಾಗ್ಲಿ ಅಂತ ಹೇಳ್ತಿದೀಯಾ?"

"ಇಲ್ಲಪ್ಪ. ನಂಗೆ ಹೊಟ್ಟೆ ಉರೀತು, ಅದಕ್ಕೆ ಹೇಳ್ದೆ."

ಅಷ್ಟರಲ್ಲಿ ಇಂಚರ ಕೈಯಲ್ಲಿ ಕಪ್ಪು ಗರಿಯೊಂದನ್ನು ಎತ್ತಿ ಹಿಡಿದು ದಡದಿಂದ ಓಡಿ ಬಂದಳು. ಜಯಶೀಲಾ ಕೈ ಚಾಚಿದಳು. ಇಂಚರ ಅವಳನ್ನು ದಾಟಿ ಪ್ರೇರಣಾಳ ಮೊಣಕಾಲಿಗೆ ಒರಗಿ ನಿಂತು, "ಆಂಟಿ, ಇದ್ರ ಕಥೆ ಹೇಳ್ಲಾ?" ಎಂದಳು. ಅದು ಚುಚ್ಚಿತು, ಮೊದಲಿನಷ್ಟೇ ಚುಚ್ಚಿತು. ಪ್ರೇರಣಾ ಕಣ್ಣಂಚಿನಲ್ಲಿ ಅವಳನ್ನು ನೋಡಿ, ಬೆಂಚಿನ ಮೇಲೆ ಸರಿದು ಒಂದಿಷ್ಟು ಜಾಗ ಬಿಟ್ಟಳು. ಜಯಶೀಲಾ ಹತ್ತಿರ ಸರಿದು ಕೂತಳು, ಮಗಳು ಹೇಳುವುದನ್ನು ಕೇಳುವುದಕ್ಕೆ.